ಈಮ್: ತನಗೆ ತಾನೇ ಗಡಿ ಹಾಕಿಕೊಂಡ ಊರು

ಶೆಫೀಲ್ಡ್‌ನಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೇ ಪಟ್ಟಣ ಮುಗಿದು ಬೋಳು ಗುಡ್ಡಗಳು ಶುರುವಾಗುತ್ತವೆ. ಇದು ಪೀಕ್ ಡಿಸ್ಟ್ರಿಕ್ಟ್. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಸೀಮೆ. ಹೊಲಗಳ ನಡುವೆ ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿದ ಗೋಡೆಗಳು, ಎಲ್ಲಿ ನೋಡಿದರೂ ಕುರಿಗಳು. ಗ್ರಿಂಡಲ್‌ಫರ್ಡ್ ಕಡೆಯಿಂದ ಗುಡ್ಡ ಹತ್ತಿದರೆ ಈಮ್ ಸಿಗುತ್ತದೆ. ಡರ್ಬಿಶೈರ್‌ನ ಹಳೆಯ ಸೀಸದ ಗಣಿಗಳ ಊರು. ಒಂದು ಉದ್ದನೆಯ ಬೀದಿ, ನಡುವೆ ಸೇಂಟ್ ಲಾರೆನ್ಸ್ ಚರ್ಚು, ಅಲ್ಲಿಂದ ಸ್ವಲ್ಪ ಮುಂದೆ ಈಮ್ ಹಾಲ್ ಎಂಬ ದೊಡ್ಡಮನೆ.

ಇಂಥ ಹಳ್ಳಿ ಇಂಗ್ಲೆಂಡಿನಲ್ಲಿ ಬೇಕಾದಷ್ಟಿವೆ. ನನ್ನನ್ನು ಇಲ್ಲಿಗೆ ಕರೆತಂದದ್ದು 1665ರ ಪ್ಲೇಗು.

ಚರ್ಚಿನ ಪಕ್ಕದಲ್ಲೇ ಸಾಲಾಗಿ ಕಲ್ಲಿನ ಮನೆಗಳಿವೆ. ಮುಂದೆ ಹೂವಿನ ಗಿಡ, ಕಿಟಕಿಯಲ್ಲಿ ಪರದೆ. ಈಗಲೂ ಜನ ವಾಸವಾಗಿದ್ದಾರೆ. ಹತ್ತಿರ ಹೋದರೆ ಹಸಿರು ಫಲಕ ಕಾಣುತ್ತದೆ. ಅದರ ಮೇಲೆ ಆ ಮನೆಯಲ್ಲಿ ಸತ್ತವರ ಹೆಸರು. ಮೊದಲ ಸಾವು ಇಲ್ಲೇ ಆದದ್ದು. ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್ ಎಂಬ ದರ್ಜಿಗೆ ಲಂಡನ್ನಿನಿಂದ ಬಟ್ಟೆಯ ಕಟ್ಟು ಬಂದಿತ್ತು. ಬಟ್ಟೆ ಒದ್ದೆಯಾಗಿತ್ತಂತೆ. ಅವನ ಸಹಾಯಕ ಜಾರ್ಜ್ ವಿಕರ್ಸ್ ಅದನ್ನು ಬಿಚ್ಚಿ ಬೆಂಕಿಯ ಮುಂದೆ ಒಣಗಲು ಹರಡಿದ. ಅದರಲ್ಲಿ ಚಿಗಟಗಳಿದ್ದವು ಎಂಬುದು ಊರವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು. ಚರ್ಚಿನ ದಾಖಲೆಯ ಪ್ರಕಾರ 1665ರ ಸೆಪ್ಟೆಂಬರ್ 7ರಂದು ವಿಕರ್ಸ್‌ನನ್ನು ಮಣ್ಣು ಮಾಡಿದರು. ಮುಂದಿನ ಹದಿನಾಲ್ಕು ತಿಂಗಳಲ್ಲಿ ಈ ಊರು ಸುಮಾರು 260 ಜನರನ್ನು ಕಳೆದುಕೊಂಡಿತು.

ಫಲಕಗಳನ್ನು ಓದುತ್ತಾ ಹೋದರೆ ಕಾಲು ಮುಂದೆ ಹೋಗುವುದಿಲ್ಲ. ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಬರುತ್ತದೆ. ಅಪ್ಪ, ಮಗಳು, ಮಗ, ಇನ್ನೊಬ್ಬ ಮಗ.

ಚರ್ಚಿನ ಅಂಗಳದಲ್ಲಿ ಎಂಟನೇ ಶತಮಾನದ ಸ್ಯಾಕ್ಸನ್ ಶಿಲುಬೆ ನಿಂತಿದೆ. ಚರ್ಚಿನ ಗೋಡೆಯ ಮೇಲೆ 1775ರ ದೊಡ್ಡ ನೆರಳು ಗಡಿಯಾರ ಇದೆ. ಹ್ಯಾರಿ ಬ್ಯಾಗ್‌ಶಾ ಎಂಬ ಡರ್ಬಿಶೈರ್ ಕ್ರಿಕೆಟಿಗನ ಸಮಾಧಿಯೂ ಇಲ್ಲೇ. ಕಲ್ಲಿನ ಮೇಲೆ ಚೆಂಡು ಬಿದ್ದು ಸ್ಟಂಪ್ ಉರುಳುವ ಚಿತ್ರ, ಮೇಲೆ ಅಂಪೈರ್ ಎತ್ತಿದ ಬೆರಳು! ಕ್ರಿಕೆಟ್ ಹುಚ್ಚಿರುವ ನಮ್ಮವರು ಯಾರೇ ಹೋದರೂ ಇದನ್ನು ತಪ್ಪಿಸಬಾರದು.

ಅದೇ ಅಂಗಳದಲ್ಲಿ ಕ್ಯಾಥರೀನ್ ಮಾಂಪೆಸನ್ ಅವರ ಸಮಾಧಿಯೂ ಇದೆ. ಪಾದ್ರಿ ವಿಲಿಯಂ ಮಾಂಪೆಸನ್ ಅವರ ಹೆಂಡತಿ. ಮಕ್ಕಳಿಬ್ಬರನ್ನು ಮೊದಲೇ ಬೇರೆ ಊರಿಗೆ ಕಳಿಸಿದರೂ ಗಂಡನನ್ನು ಬಿಟ್ಟು ಹೋಗಲು ಆಕೆ ಒಪ್ಪಲಿಲ್ಲ. 1666ರ ಆಗಸ್ಟ್‌ನಲ್ಲಿ ತೀರಿಕೊಂಡರು. ವಯಸ್ಸು ಇಪ್ಪತ್ತೇಳು.

ಈ ಊರಿನ ಕಥೆ ಹೇಳುವವರು ಮಾಂಪೆಸನ್‌ರನ್ನೇ ನಾಯಕ ಮಾಡುತ್ತಾರೆ. ನನಗೆ ಮಾತ್ರ ಇನ್ನೊಬ್ಬರು ಜಾಸ್ತಿ ಮುಖ್ಯ ಅನ್ನಿಸಿದರು. ಅವರು ಥಾಮಸ್ ಸ್ಟಾನ್ಲಿ. ಹಿಂದೆ ಇದೇ ಊರಿನ ಪಾದ್ರಿ. ರಾಜನ ಸರ್ಕಾರ 1662ರಲ್ಲಿ ತಂದ ಧಾರ್ಮಿಕ ಕಾಯ್ದೆಯನ್ನು ಒಪ್ಪದೆ ಕೆಲಸ ಬಿಟ್ಟಿದ್ದವರು. ಜನರ ನಂಬಿಕೆ ಇದ್ದದ್ದು ಇವರ ಮೇಲೆ. ಮಾಂಪೆಸನ್ ಇನ್ನೂ ಮೂವತ್ತು ದಾಟದ ಹೊಸಬ, ಸರ್ಕಾರದ ಕಡೆಯವರು. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದ ಮೇಲೆ ಆ ಇಬ್ಬರು ಎದುರಾಬದುರು ನಿಂತು ಮಾತಾಡುವುದೇ ಕಷ್ಟ ಅಲ್ವಾ? ಆದರೂ 1666ರ ಬೇಸಿಗೆಯಲ್ಲಿ ಕಾಯಿಲೆ ಮತ್ತೆ ಹೆಡೆಯೆತ್ತಿದಾಗ ಇಬ್ಬರೂ ಜೊತೆಯಾಗಿ ಊರವರ ಮುಂದೆ ನಿಂತರು. ಸ್ಟಾನ್ಲಿ ಬೆನ್ನಿಗೆ ಇರದಿದ್ದರೆ ಜನ ಮಾಂಪೆಸನ್ ಮಾತು ಕೇಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಮೂರು ತೀರ್ಮಾನಗಳಾದವು. ಸತ್ತವರನ್ನು ಚರ್ಚಿನ ಅಂಗಳಕ್ಕೆ ತರದೆ ಮನೆಯವರೇ ತಮ್ಮ ತೋಟದಲ್ಲೋ ಹೊಲದಲ್ಲೋ ಮಣ್ಣು ಮಾಡುವುದು. ಪ್ರಾರ್ಥನೆಗೆ ಚರ್ಚಿನೊಳಗೆ ಸೇರದೆ ಕಕ್‌ಲೆಟ್ ಡೆಲ್ಫ್ ಎಂಬ ಕಣಿವೆಯ ಬಯಲಲ್ಲಿ, ಮನೆಮನೆಯವರು ದೂರ ದೂರ ನಿಲ್ಲುವುದು. ಮೂರನೆಯದು, ಊರಿನ ಗಡಿ ದಾಟಿ ಯಾರೂ ಹೊರಗೆ ಹೋಗದಿರುವುದು.

ಆ ಗಡಿಯನ್ನು ಇಂದಿಗೂ ಮುಟ್ಟಿ ನೋಡಬಹುದು. ಈಮ್‌ನಿಂದ ಸ್ಟೋನಿ ಮಿಡಲ್ಟನ್ ಕಡೆಗೆ ಹುಲ್ಲುಗಾವಲಿನ ಕಾಲುದಾರಿ ಹಿಡಿದರೆ ಒಂದು ಬಂಡೆ ಸಿಗುತ್ತದೆ. ಮೇಲೆ ಆರು ಕುಳಿಗಳು. ಈಮ್‌ನವರು ಅದರಲ್ಲಿ ವಿನೆಗರ್ ತುಂಬಿ ನಾಣ್ಯ ಹಾಕಿ ಹೋಗುತ್ತಿದ್ದರು. ಹುಳಿಗೆ ಸೋಂಕು ಸಾಯುತ್ತದೆ ಎಂದು ಆಗಿನ ನಂಬಿಕೆ. ಪಕ್ಕದೂರಿನವರು ದುಡ್ಡು ತೆಗೆದುಕೊಂಡು ರೊಟ್ಟಿ, ಔಷಧಿ ಇಟ್ಟು ಹೋಗುತ್ತಿದ್ದರು. ಚಾಟ್ಸ್‌ವರ್ತ್ ಅರಮನೆಯಲ್ಲಿದ್ದ ಡೆವನ್‌ಶೈರ್‌ನ ಅರ್ಲ್ ಕೂಡ ಊಟದ ಸಾಮಾನು ಕಳಿಸಿಕೊಟ್ಟರು. ಕುಳಿಗಳ ಅಂಚು ಈಗ ಸವೆದು ನುಣುಪಾಗಿದೆ. ನನ್ನ ಬೆರಳು ಅಲ್ಲಿ ಇಟ್ಟಾಗ ಸುಮ್ನೆ ಹಾಗೇ ನಿಂತುಬಿಟ್ಟೆ. ಉಳಿದವರು ಸತ್ತರೂ ಪರವಾಗಿಲ್ಲ ಎಂದು ಓಡಿಹೋಗುವುದು ಎಷ್ಟು ಸುಲಭವಿತ್ತು! ಗಡಿ ಕಾಯಲು ಅಲ್ಲಿ ಸೈನಿಕರಿರಲಿಲ್ಲ.

ನಮ್ಮ ಕಡೆ ಪ್ಲೇಗು ಬಂದಾಗ ಆದದ್ದು ಇದಕ್ಕೆ ಪೂರ್ತಿ ಉಲ್ಟಾ. 1898ರಲ್ಲಿ ಬೆಂಗಳೂರಿಗೆ ಮಾರಿ ಬಂದಾಗ ಜನ ಊರು ಬಿಟ್ಟರು. ಮುಂದಿನ ವರ್ಷಗಳಲ್ಲಿ ಎಷ್ಟೋ ಹಳ್ಳಿಗಳಲ್ಲಿ ಇಲಿ ಸಾಯಲು ಶುರುವಾದರೆ ಸಾಕು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಪ್ಲೇಗಮ್ಮನ ಗುಡಿಗಳು ಎದ್ದದ್ದು ಆ ಕಾಲದಲ್ಲೇ. ಇಲಿ, ಚಿಗಟ ಇರುವ ಮನೆಯಿಂದ ದೂರ ಇರುವುದು ಒಳ್ಳೆಯ ಉಪಾಯವೇ. ಈಮ್‌ನವರು ಮನೆಗಳಲ್ಲೇ ಉಳಿದದ್ದರಿಂದ ಊರೊಳಗೆ ಸಾವು ಹೆಚ್ಚಿತೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಊರಿನ ಸಾವಿನ ದಾಖಲೆಗಳನ್ನಿಟ್ಟುಕೊಂಡು 2016ರಲ್ಲಿ ಬಂದ ಅಧ್ಯಯನವೊಂದು ಬೇರೆ ಮಾತು ಹೇಳುತ್ತದೆ. ಮುಕ್ಕಾಲು ಪಾಲು ಸೋಂಕು ಮನುಷ್ಯರಿಂದ ಮನುಷ್ಯರಿಗೇ ಹರಡಿತ್ತಂತೆ, ಅದರಲ್ಲೂ ಒಂದೇ ಮನೆಯೊಳಗೆ. ಹಾಗಿದ್ದರೆ ಗಡಿ ಹಾಕಿದ್ದರಿಂದ ಸುತ್ತಲ ಊರುಗಳು ಬದುಕಿರಬಹುದು. ಬೆಲೆ ಕೊಟ್ಟದ್ದು ಮಾತ್ರ ಒಳಗಿದ್ದ ಸಂಸಾರಗಳು.

ಆ ಬೆಲೆ ಏನೆಂದು ತಿಳಿಯಲು ಊರಾಚೆ ರೈಲಿ ಸಮಾಧಿಗಳಿಗೆ ಹೋಗಬೇಕು. ಗುಡ್ಡದ ಇಳಿಜಾರಲ್ಲಿ, ದುಂಡಗಿನ ಗೋಡೆಯೊಳಗೆ ಏಳು ಜನರ ಹೆಸರಿನ ಕಲ್ಲುಗಳು. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ರೈತ ಹೆಂಗಸು 1666ರ ಆಗಸ್ಟ್‌ನ ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಇಲ್ಲಿ ಮಣ್ಣು ಮಾಡಿದಳು. ಸಹಾಯಕ್ಕೆ ಯಾರೂ ಬರುವಂತಿರಲಿಲ್ಲ. ಹೆಣ ಎಳೆದು ತಂದು, ಗುಂಡಿ ತೋಡಿ, ಮುಚ್ಚಿದ್ದು ಎಲ್ಲ ಅವಳೇ. ಪುಸ್ತಕಗಳಲ್ಲಿ ಪಾದ್ರಿಗಳ ಹೆಸರು ಮೊದಲು ಬರುತ್ತದೆ. ನನ್ನ ಮಟ್ಟಿಗೆ ಈ ಊರಿನ ಕಥೆಯ ನಡುಮಧ್ಯೆ ಇರಬೇಕಾದವಳು ಇವಳು.

ವಾಪಸ್ ಬಂದು ಈಮ್ ಹಾಲ್ ಮುಂದೆ ನಿಂತೆ. ಬೂದುಗಲ್ಲಿನ ಗಂಭೀರ ಮನೆ, ಸಾಲು ಸಾಲು ಕಿಟಕಿ. ಎದುರಿನ ಹುಲ್ಲಿನ ಮೇಲೆ ಅಪರಾಧಿಗಳ ಕಾಲು ಸಿಕ್ಕಿಸುತ್ತಿದ್ದ ಹಳೆಯ ಮರದ ಹಲಗೆ ಇದೆ. ರೈಟ್ ಮನೆತನದವರು ಪ್ಲೇಗು ಮುಗಿದ ಐದಾರು ವರ್ಷಕ್ಕೆ, 1670ರ ದಶಕದ ಶುರುವಿನಲ್ಲಿ, ಮಗನ ಮದುವೆಗೆಂದು ಕಟ್ಟಿಸಿದ್ದು. ಅಷ್ಟು ಸಾವಿನ ನಂತರವೂ ಇಲ್ಲಿ ಮದುವೆ ನಡೆಯಿತು ಎಂಬುದು ನನಗೆ ಸಮಾಧಾನ ಕೊಟ್ಟಿತು. ಊರಿನ ಇನ್ನೊಂದು ಸಿರಿವಂತ ಮನೆತನ ಬ್ರಾಡ್‌ಶಾ ಅವರದು. ಕಾಯಿಲೆ ಬಂದಾಗ ಅವರು ಊರು ಬಿಟ್ಟರು. ಅವರ ಮನೆ ಪಾಳುಬಿತ್ತು.

ಕೊನೆಯ ಸಾವು 1666ರ ನವೆಂಬರ್ 1ರಂದು. ಇಂದಿಗೂ ಆಗಸ್ಟ್ ಕೊನೆಯ ಭಾನುವಾರ ಊರವರು ಸೇರಿ ಕಕ್‌ಲೆಟ್ ಡೆಲ್ಫ್‌ಗೆ ಮೆರವಣಿಗೆ ಹೋಗಿ ಪ್ರಾರ್ಥನೆ ಮಾಡುತ್ತಾರೆ. ಕ್ಯಾಥರೀನ್ ಸಮಾಧಿಗೆ ಹೂವು ಇಡುತ್ತಾರೆ. ಹೋಗುವವರು ಆ ದಿನ ನೋಡಿಕೊಂಡು ಹೋದರೆ ಒಳ್ಳೆಯದು. ಮ್ಯೂಸಿಯಮ್ಮಿಗೂ ಸಮಯ ಇಟ್ಟುಕೊಳ್ಳಿ.

ಮಾಂಪೆಸನ್ ಕೆಲವು ವರ್ಷಗಳ ನಂತರ ನಾಟಿಂಗ್‌ಹ್ಯಾಮ್‌ಶೈರ್‌ನ ಏಕ್ರಿಂಗ್ ಎಂಬ ಹಳ್ಳಿಗೆ ಪಾದ್ರಿಯಾಗಿ ಹೋದರು. ಪ್ಲೇಗಿನ ಊರಿಂದ ಬಂದವರೆಂದು ಅಲ್ಲಿಯ ಜನ ಹೆದರಿ ಅವರನ್ನು ಒಳಗೆ ಸೇರಿಸಲಿಲ್ಲವಂತೆ. ಭಯ ಇಳಿಯುವವರೆಗೂ ಊರ ಹೊರಗೆ ಗುಡಿಸಲಲ್ಲಿದ್ದು, ಮರದ ಕೆಳಗೆ ನಿಂತು ಉಪದೇಶ ಮಾಡುತ್ತಿದ್ದರು ಎಂದು ಹೇಳುತ್ತಾರೆ. ಮುಂದೆ 1709ರಲ್ಲಿ ಸಾಯುವವರೆಗೂ ಅದೇ ಹಳ್ಳಿಯಲ್ಲಿ ಉಳಿದರು. ನಾನು ಇನ್ನು ನೋಡಬೇಕೆಂದಿರುವ ಊರು ಅದು.