ಕಾಲಮ್ ಬಿಚ್ಚುವ ಮೊದಲು ಅರ್ಥಿಂಗ್ ನೋಡಿ

ಉಡುಪಿಯ ಹತ್ತಿರ ಕಾರುಗಳ ಎಲೆಕ್ಟ್ರಿಕಲ್ ಕೆಲಸ ಮಾಡುವ ನನ್ನ ಗ್ಯಾರೇಜಿಗೆ ಕಳೆದ ವರ್ಷ ಆಟಿ ತಿಂಗಳ ಜಡಿಮಳೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಸಣ್ಣ ಕಾರನ್ನು ತಂದರು. ಪಾರ್ಕಿಂಗ್ ಮಾಡಲು ಪೂರ್ತಿ ತಿರುಗಿಸಿದಾಗ ಸ್ಟೇರಿಂಗ್ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಮೀಟರಿನಲ್ಲಿ ಇಪಿಎಸ್, ಅಂದರೆ ಎಲೆಕ್ಟ್ರಿಕ್ ಪವರ್ ಸ್ಟೇರಿಂಗಿನ ದೀಪ ಹೊತ್ತಿಕೊಳ್ಳುತ್ತಿತ್ತು. ಇಂಜಿನ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಎರಡೂ ಸರಿಹೋಗುತ್ತಿದ್ದವು. ಬೇರೆ ಕಡೆ ಹೊಸ ಬ್ಯಾಟರಿ ಹಾಕಿಸಿ ಆಗಿತ್ತು. ಅದರಿಂದ ಗುಣವಾಗದಿದ್ದಾಗ, ಮೋಟಾರು ಸಮೇತ ಸ್ಟೇರಿಂಗ್ ಕಾಲಮನ್ನೇ (ಸ್ಟೇರಿಂಗ್ ಚಕ್ರದ ಕೆಳಗಿನ ದಂಡದ ಜೋಡಣೆ) ಬದಲಾಯಿಸಬೇಕೆಂದು ಅಲ್ಲಿ ಹೇಳಿದ್ದರು. "ಅಷ್ಟು ದುಡ್ಡು ಹಾಕುವ ಮೊದಲು ನೀವೊಮ್ಮೆ ನೋಡಿ ಮಾರಾಯರೆ" ಎಂದು ಕೇಳಿಕೊಂಡರು.

ಸ್ಟೇರಿಂಗನ್ನು ಮೋಟಾರಿನಿಂದ ಹಗುರ ಮಾಡುವ ಈ ಇಪಿಎಸ್ ವ್ಯವಸ್ಥೆಯಲ್ಲಿ ಪಂಪು, ಎಣ್ಣೆ ಯಾವುದೂ ಇಲ್ಲ. ಚಾಲಕರು ಎಷ್ಟು ಬಲ ಹಾಕುತ್ತಿದ್ದಾರೆ ಎಂಬುದನ್ನು ಕಾಲಮಿನೊಳಗಿನ ಟಾರ್ಕ್ ಸೆನ್ಸರ್ ಅಳೆಯುತ್ತದೆ. ಆ ಅಳತೆಯನ್ನೂ ಗಾಡಿಯ ವೇಗವನ್ನೂ ನೋಡಿಕೊಂಡು ಕಂಟ್ರೋಲ್ ಯೂನಿಟ್ ಮೋಟಾರಿಗೆ ಕರೆಂಟ್ ಕೊಡುತ್ತದೆ. ವೇಗ ಹೆಚ್ಚಿದಂತೆ ಸಹಾಯ ಕಡಿಮೆಯಾಗುತ್ತದೆ, ನಿಂತಲ್ಲೇ ತಿರುಗಿಸುವಾಗ ಅತಿ ಹೆಚ್ಚು ಬೇಕಾಗುತ್ತದೆ. ಹಾಗಾಗಿ ಹೆದ್ದಾರಿಯಲ್ಲಿ ಕಾಣದ ದೋಷ ಪಾರ್ಕಿಂಗಿನಲ್ಲಿ ಕಾಣಿಸಿಕೊಂಡರೆ ನನ್ನ ಅನುಮಾನ ಮೊದಲು ಹೋಗುವುದು ಕರೆಂಟ್ ಬರುವ ದಾರಿಯ ಮೇಲೆಯೇ ಹೊರತು ಮೋಟಾರಿನ ಮೇಲಲ್ಲ.

ಕಂಟ್ರೋಲ್ ಯೂನಿಟ್ ದಾಖಲಿಸಿದ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿದಾಗ ವೋಲ್ಟೇಜ್ ಕಡಿಮೆ ಎಂಬ ಕೋಡ್ ಬಂತು. ಕೋಡ್ ಹೇಳುವುದು ಕಂಟ್ರೋಲ್ ಯೂನಿಟ್ಟಿಗೆ ಏನು ಕಂಡಿತು ಎಂಬುದನ್ನು ಮಾತ್ರ. ಅದು ಏಕೆ ಹಾಗೆ ಕಂಡಿತು ಎಂಬುದನ್ನು ನಾವೇ ಹುಡುಕಬೇಕು. ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ 14.1 ವೋಲ್ಟ್ ಇತ್ತು, ಫ್ಯೂಸ್ ಸರಿ ಇತ್ತು, ಕರೆಂಟನ್ನು ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಹಿಂದಿರುಗಿಸುವ ಅರ್ಥಿಂಗ್ ವೈರಿಗೆ ಮಲ್ಟಿಮೀಟರ್ ಹಿಡಿದರೆ ಬೀಪ್ ಕೂಡ ಬಂತು. ಹೆಚ್ಚಿನವರು ಪರೀಕ್ಷೆಯನ್ನು ಇಲ್ಲಿಗೇ ನಿಲ್ಲಿಸಿ, ವೈರಿಂಗ್ ಚೆನ್ನಾಗಿದೆ, ಕಾಲಮೇ ಹೋಗಿದೆ ಎಂದು ತೀರ್ಮಾನಿಸುತ್ತಾರೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಈ ಹಂತದ ಬಗ್ಗೆಯೇ.

ಬೀಪ್ ಶಬ್ದಕ್ಕೆ ಮೀಟರು ಕಳಿಸುವ ಕರೆಂಟ್ ತೀರಾ ಅಲ್ಪ. ಹತ್ತಾರು ಎಳೆಗಳ ದಪ್ಪ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಎನ್ನುತ್ತದೆ. ಆದ್ದರಿಂದ ಕನೆಕ್ಟರನ್ನು ಕಳಚದೆ, ಅದರ ಹಿಂಬದಿಯಿಂದ ತೆಳುವಾದ ಪಿನ್ ತೂರಿಸಿ, ಸಹಾಯಕ ಹುಡುಗನಿಗೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಲು ಹೇಳಿ ಅಳೆದೆ. ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟ್ 42 ಆಂಪಿಯರಿಗೆ ಏರಿದ ಕ್ಷಣದಲ್ಲಿ ಬ್ಯಾಟರಿಯ ಮೇಲೆ 13.2 ವೋಲ್ಟ್ ಇದ್ದರೆ, ಇಪಿಎಸ್ ಕನೆಕ್ಟರಿನಲ್ಲಿ ಇದ್ದದ್ದು 10.4 ಮಾತ್ರ. ಉಳಿದ 2.8 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಪಾಸಿಟಿವ್ ಕಡೆ ಅಳೆದಾಗ 0.2, ಅರ್ಥಿಂಗ್ ಕಡೆ 2.6. ಲೆಕ್ಕ ಹಾಕಿದರೆ ಅಲ್ಲಿದ್ದ ತಡೆ ಸುಮಾರು 0.06 ಓಮ್. ಸಾಮಾನ್ಯ ಮಲ್ಟಿಮೀಟರಿನ ಎರಡು ವೈರುಗಳನ್ನು ಒಂದಕ್ಕೊಂದು ತಾಗಿಸಿದರೂ ಅದಕ್ಕಿಂತ ಹೆಚ್ಚು ತೋರಿಸುತ್ತದೆ ಎಂದಮೇಲೆ, ಓಮ್ ಪರೀಕ್ಷೆಯಿಂದ ಇದು ಸಿಕ್ಕುವುದಾದರೂ ಹೇಗೆ?

ಅರ್ಥಿಂಗಿನ ಕಪ್ಪು ವೈರನ್ನೇ ಹಿಂಬಾಲಿಸಿಕೊಂಡು ಹೋದಾಗ, ಎಡಗಡೆ ಕಾಲಿಡುವ ಜಾಗದ ಪಕ್ಕದ ಪ್ಲಾಸ್ಟಿಕ್ ಮುಚ್ಚಳದ ಹಿಂದೆ, ಕಾರಿನ ಬಾಡಿಯ ತಗಡಿಗೆ ಆ ವೈರನ್ನು ಕೂರಿಸಿದ ಒಂದು ಬೋಲ್ಟ್ ಸಿಕ್ಕಿತು. ಬೆರಳಿಟ್ಟು ನೋಡಿದೆ, ಬಿಸಿಯಾಗಿತ್ತು. ನೂರು ವ್ಯಾಟಿಗಿಂತ ಹೆಚ್ಚು ಶಕ್ತಿ ಸ್ಟೇರಿಂಗ್ ತಿರುಗಿಸಲು ಹೋಗದೆ ಆ ಒಂದು ಬೋಲ್ಟಿನ ಬುಡದಲ್ಲಿ ಶಾಖವಾಗುತ್ತಿತ್ತು. ಬಿಚ್ಚಿದಾಗ ವಾಶರಿನ ಕೆಳಗೆ ಹಸಿರು ಕಿಲುಬು, ಅದರಡಿಯಲ್ಲಿ ತುಕ್ಕಿನ ಪುಡಿ. ಎಮರಿ ಪೇಪರಿನಿಂದ ತಗಡು ಹೊಳೆಯುವವರೆಗೆ ತಿಕ್ಕಿ, ವೈರಿನ ತುದಿಗೆ ಹೊಸ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಒತ್ತಿ, ಬಿಗಿದು, ಮೇಲೆ ಗ್ರೀಸ್ ಸವರಿದ ನಂತರ ಅರ್ಥಿಂಗ್ ಕಡೆಯ ಇಳಿತ 0.1 ವೋಲ್ಟಿಗೆ ಬಂತು. ಕೋಡ್ ಅಳಿಸಿದ ಮೇಲೆ ದೀಪ ಮತ್ತೆ ಹೊತ್ತಲಿಲ್ಲ.

ಈ ಪರೀಕ್ಷೆ ಮಾಡುವಾಗ ಒಂದು ಎಚ್ಚರಿಕೆ ಬೇಕು. ನಿಂತಲ್ಲೇ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ಮತ್ತೆ ಮತ್ತೆ ತಿರುಗಿಸಿದರೆ ಮೋಟಾರು ಕಾದು, ಕಂಟ್ರೋಲ್ ಯೂನಿಟ್ ತನ್ನ ರಕ್ಷಣೆಗಾಗಿ ತಾನೇ ಸಹಾಯವನ್ನು ಕಡಿಮೆ ಮಾಡುತ್ತದೆ. ಅದನ್ನು ಹೊಸ ದೋಷವೆಂದು ತಿಳಿಯದೆ ಆರಲು ಬಿಡಬೇಕು.

ದೀಪವೂ ಇಲ್ಲ, ಕೋಡೂ ಇಲ್ಲ, ಆದರೂ ಸ್ಟೇರಿಂಗ್ ಗಟ್ಟಿ ಎಂದು ಬರುವ ಗಾಡಿಗಳ ವಿಷಯ ಬೇರೆ. ಕೆಲಸದ ಆರಂಭದ ದಿನಗಳಲ್ಲಿ ಅಂಥ ಒಂದು ಗಾಡಿಯ ಕಾಲಮನ್ನು ನಾನೇ ಬದಲಾಯಿಸಿಬಿಟ್ಟಿದ್ದೆ. ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ ಎಂಬುದನ್ನು ಮಾಲೀಕರು ಹೇಳಿದ್ದರೂ ನಾನು ಗಮನ ಕೊಟ್ಟಿರಲಿಲ್ಲ. ಕೊನೆಗೆ ನೋಡಿದರೆ ಮುಂದಿನ ಶಾಕ್ ಅಬ್ಸಾರ್ಬರಿನ ಮೇಲ್ಭಾಗದ ಬೇರಿಂಗ್ ಹಿಡಿದುಕೊಂಡಿತ್ತು. ಅವರ ಹಣ ನನ್ನ ಆತುರದಿಂದ ಹಾಳಾಯಿತು, ಆ ನೋವು ಇಂದಿಗೂ ಇದೆ. ಈಗ ಇಂಥ ಗಾಡಿ ಬಂದರೆ ಮೊದಲು ಟೈರಿನ ಗಾಳಿ ನೋಡಿ, ಆಮೇಲೆ ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡ್ ಕೊಟ್ಟು, ಇಂಜಿನ್ ನಿಲ್ಲಿಸಿ ಕೈಯಿಂದ ತಿರುಗಿಸುತ್ತೇನೆ. ಆಗಲೂ ಎಲ್ಲಾದರೂ ಹಿಡಿದಂತಾದರೆ ಬೇರಿಂಗ್, ಬಾಲ್ ಜಾಯಿಂಟ್ ಅಥವಾ ಕಾಲಮಿನ ಕೆಳಗಿನ ಯೂನಿವರ್ಸಲ್ ಜಾಯಿಂಟನ್ನು ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಶಿಕ್ಷಕರ ಕಾರಿನಲ್ಲಿ ಬೋಲ್ಟ್ ಸರಿಯಾದರೂ ಕೆಲಸ ಮುಗಿದಿರಲಿಲ್ಲ. ಕಾಲಡಿಯ ಮ್ಯಾಟ್ ಒದ್ದೆಯಾಗಿತ್ತು. ವೈಪರಿನ ಕೆಳಗಿನ ಜಾಲರಿ ತೆಗೆದಾಗ ನೀರು ಹರಿದುಹೋಗುವ ತೂತು ಮಾವಿನ ಎಲೆಗಳಿಂದ ಮುಚ್ಚಿಹೋಗಿ, ಮಳೆನೀರು ಒಳಗಿಳಿದು ಸರಿಯಾಗಿ ಆ ಬೋಲ್ಟಿನ ಮೇಲೆಯೇ ತೊಟ್ಟಿಕ್ಕುತ್ತಿತ್ತು. ಎಲೆ ತೆಗೆದು, ಎರಡು ಕೊಡ ನೀರು ಹೊಯ್ದು, ಅದು ಹೊರಗೇ ಹೋಗುತ್ತಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕಾರಿನ ಕೀಲಿಯನ್ನು ಅವರ ಕೈಗೆ ಕೊಟ್ಟೆ.