ಮಿಲಾನಿನಿಂದ ರೋಮಿಗೆ: ಸೀಸದ ವರ್ಷಗಳ ಜಾಡಿನಲ್ಲಿ

ಮಿಲಾನಿನ ದುವೋಮೋ ಚರ್ಚಿನ ಹಿಂಬದಿಯಿಂದ ಐದು ನಿಮಿಷ ನಡೆದರೆ ಪಿಯಾಝಾ ಫೊಂತಾನಾ ಎಂಬ ಚೌಕ. ನಡುವೆ ಕಾರಂಜಿ, ಪಕ್ಕದಲ್ಲಿ ಟ್ರಾಮ್ ಹಳಿ, ಎದುರಿಗೆ ಬ್ಯಾಂಕಿನ ಕಟ್ಟಡ. 1969ರ ಡಿಸೆಂಬರ್ 12ರ ಸಂಜೆ 4:37ಕ್ಕೆ ಆ ಕಟ್ಟಡದಲ್ಲಿದ್ದ ಕೃಷಿ ಬ್ಯಾಂಕಿನೊಳಗೆ ಬಾಂಬು ಸಿಡಿದು 17 ಜನ ಸತ್ತರು. ಅವತ್ತು ಶುಕ್ರವಾರ. ಹಳ್ಳಿಗಳಿಂದ ವ್ಯವಹಾರಕ್ಕೆ ಬಂದ ರೈತರು, ದಲ್ಲಾಳಿಗಳಿಗಾಗಿ ಬ್ಯಾಂಕು ಇನ್ನೂ ತೆರೆದಿತ್ತು; ಹಾಗಾಗಿಯೇ ಅಷ್ಟು ಜನ ಒಳಗಿದ್ದರು. ರಾಜಕೀಯ ಬಾಂಬು, ಗುಂಡುಗಳ ಆ ಕಾಲವನ್ನು ಇಟಲಿಯವರು ‘ಸೀಸದ ವರ್ಷಗಳು’ ಎನ್ನುತ್ತಾರೆ; ಅದರ ಲೆಕ್ಕ ಸಾಮಾನ್ಯವಾಗಿ ಶುರುವಾಗುವುದು ಇಲ್ಲಿಂದ. ಕಾರಂಜಿಯ ಸುತ್ತ ನೆಲದಲ್ಲಿ 17 ಫಲಕಗಳಿವೆ, ತಲೆಗೊಂದರಂತೆ. 2019ರಲ್ಲಿ ಹಾಕಿದವು.

ಹೆಚ್ಚಿನವರು ಇಷ್ಟು ನೋಡಿ ಹೊರಟುಬಿಡುತ್ತಾರೆ. ಹುಲ್ಲಿನಂಚಿನಲ್ಲಿರುವ ಎರಡು ಕಲ್ಲುಗಳನ್ನು ನೋಡದೆ ಹೋಗಬೇಡಿ. ಪೊಲೀಸರು ಮೊದಲು ಹಿಡಿದದ್ದು ಅನಾರ್ಕಿಸ್ಟರನ್ನು, ಅಂದರೆ ಸರ್ಕಾರವೇ ಬೇಡವೆನ್ನುವವರನ್ನು. ಅವರಲ್ಲೊಬ್ಬ ರೈಲ್ವೆ ನೌಕರ ಜುಸೆಪ್ಪೆ ಪಿನೆಲ್ಲಿ. ಡಿಸೆಂಬರ್ 15ರ ರಾತ್ರಿ ವಿಚಾರಣೆಯ ವೇಳೆ ಪೊಲೀಸ್ ಕಚೇರಿಯ ಕಿಟಕಿಯಿಂದ ಬಿದ್ದು ಸತ್ತ. ವಿದ್ಯಾರ್ಥಿಗಳು ನೆಡಿಸಿದ ಕಲ್ಲು, ನಿರಪರಾಧಿಯನ್ನು ‘ಕೊಲ್ಲಲಾಯಿತು’ ಎನ್ನುತ್ತದೆ. ನಗರಸಭೆಯ ಕಲ್ಲು, ನಿರಪರಾಧಿ ‘ದುರಂತ ಸಾವಿಗೀಡಾದ’ ಎನ್ನುತ್ತದೆ. ಎರಡೂ ಅಕ್ಕಪಕ್ಕದಲ್ಲೇ ನಿಂತಿವೆ. ವಿಚಾರಣೆಯ ತಂಡದ ಅಧಿಕಾರಿ ಲುಯಿಜಿ ಕಲಾಬ್ರೇಸಿಯನ್ನು 1972ರ ಮೇ 17ರಂದು ಮನೆಯೆದುರೇ ಗುಂಡಿಕ್ಕಿ ಕೊಂದರು. ಪಿನೆಲ್ಲಿ ಬಿದ್ದಾಗ ಆ ಅಧಿಕಾರಿ ಕೋಣೆಯಲ್ಲೇ ಇರಲಿಲ್ಲವೆಂದು ತನಿಖಾ ನ್ಯಾಯಾಧೀಶರು 1975ರಲ್ಲಿ ಹೇಳಿದರು. ಬ್ಯಾಂಕಿನ ಬಾಂಬು ಬಲಪಂಥೀಯ ನವಫ್ಯಾಸಿಸ್ಟರಾದ ಫ್ರಾಂಕೊ ಫ್ರೆಡಾ ಮತ್ತು ಜೊವಾನ್ನಿ ವೆಂತೂರಾ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಒಪ್ಪಿತು. ಆದರೆ ಅವರು ಆ ಮೊದಲೇ ಅಂತಿಮವಾಗಿ ಖುಲಾಸೆಯಾಗಿದ್ದರು. ಮತ್ತೆ ವಿಚಾರಣೆಗೆ ಕಾನೂನಿನಲ್ಲಿ ದಾರಿಯಿರಲಿಲ್ಲ.

ಮಿಲಾನಿನಿಂದ ಬ್ರೆಶಾ ಒಂದು ಗಂಟೆಯ ಆಸುಪಾಸಿನ ರೈಲು ಪ್ರಯಾಣ. ಅಲ್ಲಿನ ಪಿಯಾಝಾ ದೆಲ್ಲಾ ಲೋಜಾದಲ್ಲಿ ಗಡಿಯಾರ ಗೋಪುರವಿರುವ ಬದಿಯ ಕಮಾನುಸಾಲಿಗೆ ಹೋಗಿ. 1974ರ ಮೇ 28ರಂದು ಕಾರ್ಮಿಕ ಸಂಘಗಳು ಫ್ಯಾಸಿಸ್ಟ್ ವಿರೋಧಿ ಸಭೆ ನಡೆಸಿದ್ದವು. ಮಳೆ ಸುರಿಯುತ್ತಿತ್ತು, ಜನ ಕಮಾನಿನಡಿ ಸೇರಿಕೊಂಡಿದ್ದರು. ಬಾಂಬು ಇದ್ದದ್ದು ಅಲ್ಲೇ, ಕಂಬದ ಪಕ್ಕದ ಕಸದ ಡಬ್ಬಿಯಲ್ಲಿ. ಎಂಟು ಜನ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಕಲ್ಲಿನ ಕಂಬ ಚಕ್ಕೆ ಎದ್ದ ಹಾಗೆಯೇ ಇದೆ, ದುರಸ್ತಿ ಮಾಡಿಲ್ಲ. ತನಿಖೆ ಮುಗ್ಗರಿಸಿದ್ದು ಆ ಬೆಳಿಗ್ಗೆಯೇ: ಸ್ಫೋಟವಾಗಿ ಕೆಲವೇ ಹೊತ್ತಿನಲ್ಲಿ ಅಗ್ನಿಶಾಮಕದವರ ಪೈಪಿನಿಂದ ಚೌಕವನ್ನು ತೊಳೆಸಿಬಿಟ್ಟರು. ಬಾಂಬಿನ ತುಣುಕು, ಸ್ಫೋಟಕದ ಕುರುಹು ಎಲ್ಲ ಚರಂಡಿ ಸೇರಿತು. ಜೀವಾವಧಿ ಶಿಕ್ಷೆಗಳು ಅಂತಿಮವಾದದ್ದು 2017ರಲ್ಲಿ, 43 ವರ್ಷಗಳ ನಂತರ.

ಒಂದೇ ಊರಿಗೆ ಸಮಯವಿದೆ ಎಂದಾದರೆ ಬೊಲೋನ್ಯಕ್ಕೆ ಹೋಗಿ. ಅಲ್ಲಿ ಒಂದು ತೊಡಕಿದೆ. ಅತಿವೇಗದ ರೈಲುಗಳು ನಿಲ್ಲುವುದು ನೆಲದಡಿ 23 ಮೀಟರ್ ಆಳದ 16ರಿಂದ 19ನೇ ಪ್ಲಾಟ್‌ಫಾರ್ಮುಗಳಲ್ಲಿ. ಅಲ್ಲಿಂದಲೇ ರೈಲು ಬದಲಿಸಿದರೆ ಏನೂ ಕಾಣುವುದಿಲ್ಲ. ಮೇಲೆ ಹತ್ತಿ 1ನೇ ಪ್ಲಾಟ್‌ಫಾರ್ಮಿಗೆ ಬಂದು, ಅಲ್ಲಿಂದ ನಿಲ್ದಾಣದ ಪಶ್ಚಿಮ ಭಾಗದ ನಿರೀಕ್ಷಣಾ ಕೊಠಡಿಗೆ ಹೋಗಬೇಕು. ಹತ್ತಿ ಇಳಿಯುವುದೂ ಸೇರಿ ಒಂದು ಗಂಟೆಯಾದರೂ ಇಟ್ಟುಕೊಳ್ಳಿ.

1980ರ ಆಗಸ್ಟ್ 2, ರಜೆಯ ನೂಕುನುಗ್ಗಲಿನ ಶನಿವಾರ. ಎರಡನೇ ದರ್ಜೆಯ ಈ ಕೊಠಡಿಯಲ್ಲಿ ಆಧಾರದ ಗೋಡೆಗೆ ಹತ್ತಿರವಿಟ್ಟ ಸೂಟ್‌ಕೇಸಿನಲ್ಲಿ ಸುಮಾರು 23 ಕಿಲೋ ಸ್ಫೋಟಕವಿತ್ತು. ಬೆಳಿಗ್ಗೆ 10:25ಕ್ಕೆ ಸಿಡಿಯಿತು. ಚಾವಣಿ ಕುಸಿದು 85 ಜನ ಸತ್ತರು, 200ಕ್ಕೂ ಹೆಚ್ಚು ಮಂದಿಗೆ ಗಾಯವಾಯಿತು. ಸತ್ತವರಲ್ಲಿ ಮೂರು ವರ್ಷದ ಮಗುವೂ ಇತ್ತು, 86ರ ಮುದುಕರೂ ಇದ್ದರು. ಆಂಬ್ಯುಲೆನ್ಸುಗಳನ್ನು ಗಾಯಾಳುಗಳಿಗೆ ಬಿಟ್ಟು, ಹೆಣಗಳನ್ನು 37ನೇ ಮಾರ್ಗದ ನಗರ ಬಸ್ಸಿನಲ್ಲಿ, ಕಿಟಕಿಗಳಿಗೆ ಬಿಳಿ ಬಟ್ಟೆ ಕಟ್ಟಿ ಸಾಗಿಸಿದರು.

ಕೊಠಡಿ ಇಂದಿಗೂ ಬಳಕೆಯಲ್ಲಿದೆ. ರೈಲಿಗೆ ಕಾಯುವವರು ಕೂತಿರುತ್ತಾರೆ, ಅವರಿಗೆ ಅಡ್ಡ ಬಾರದಂತೆ ನೋಡಿ. ಗೋಡೆಯ ಬಿರುಕನ್ನು ಮುಚ್ಚದೆ ಗಾಜು ಕೂಡಿಸಿದ್ದಾರೆ. ನೆಲದಲ್ಲಿ ಬಾಂಬು ತೋಡಿದ ಗುಂಡಿ ಹಾಗೇ ಇದೆ. ಮೇಲಿನ ಫಲಕದಲ್ಲಿ 85 ಹೆಸರು, ಪಕ್ಕದಲ್ಲಿ ವಯಸ್ಸು. ತಲೆಬರಹ ‘ಫ್ಯಾಸಿಸ್ಟ್ ಭಯೋತ್ಪಾದನೆಯ ಬಲಿಗಳು’ ಎಂದು ನೇರವಾಗಿ ಹೇಳುತ್ತದೆ.

ಹೊರಗೆ ಚೌಕದ ಕಡೆಯ ಗೋಡೆಯ ಗಡಿಯಾರ 10:25 ತೋರಿಸುತ್ತದೆ. ಅವತ್ತಿನಿಂದಲೂ ನಿಂತೇ ಇದೆ ಎಂದು ಊರಿನವರೇ ಹೇಳುತ್ತಾರೆ. ನಿಜವೆಂದರೆ ಅದನ್ನು ಬೇಗನೆ ಸರಿಪಡಿಸಿದ್ದರು, 1996ರವರೆಗೆ ಓಡಿತ್ತು. ಆಮೇಲಷ್ಟೇ ಆ ಹೊತ್ತಿಗೆ ನಿಲ್ಲಿಸಿದ್ದು. ನಡುವಿನ ಆ ವರ್ಷಗಳು ಜನರ ನೆನಪಿನಿಂದಲೇ ಅಳಿಸಿಹೋಗಿವೆ.

ಇಲ್ಲಿಯೂ ದಾರಿ ತಪ್ಪಿಸುವ ಕೆಲಸ ನಡೆಯಿತು, ಅದೂ ಸರ್ಕಾರದ ಒಳಗಿನಿಂದ. 1981ರ ಜನವರಿಯಲ್ಲಿ ಬೊಲೋನ್ಯದಲ್ಲಿ ಒಂದು ರೈಲಿನೊಳಗೆ ಸ್ಫೋಟಕ ತುಂಬಿದ ಸೂಟ್‌ಕೇಸು ಸಿಕ್ಕಿತು. ಇಟ್ಟವರು ಸೇನಾ ಗುಪ್ತಚರ ಸಂಸ್ಥೆ ಸಿಸ್ಮಿಯ ಅಧಿಕಾರಿಗಳು. ಉದ್ದೇಶ, ಸಂಶಯವನ್ನು ವಿದೇಶಿಯರ ಕಡೆಗೆ ತಿರುಗಿಸುವುದು. ಇದಕ್ಕಾಗಿ ಆ ಅಧಿಕಾರಿಗಳಿಗೂ ಪಿ2 ಎಂಬ ಗುಪ್ತಕೂಟದ ಮುಖ್ಯಸ್ಥ ಲೀಚೊ ಜೆಲ್ಲಿಗೂ ಶಿಕ್ಷೆಯಾಯಿತು. ಬಾಂಬಿಗಾಗಿ ಎನ್‌ಎಆರ್ ಎಂಬ ನವಫ್ಯಾಸಿಸ್ಟ್ ಗುಂಪಿನ ವಲೇರಿಯೊ ಫಿಯೊರವಾಂತಿ ಮತ್ತು ಫ್ರಾಂಚೆಸ್ಕಾ ಮಾಂಬ್ರೊಗೆ 1995ರಲ್ಲಿ ಜೀವಾವಧಿ ಅಂತಿಮವಾಯಿತು. ಇತರ ಕೊಲೆಗಳನ್ನು ಒಪ್ಪಿಕೊಂಡ ಅವರಿಬ್ಬರೂ ಇದನ್ನು ಮಾತ್ರ ತಮ್ಮದಲ್ಲ ಎನ್ನುತ್ತ ಬಂದಿದ್ದಾರೆ. ಇಷ್ಟಾದರೂ ಸತ್ತವರ ಮನೆಯವರ ಸಂಘ ಹಿಂದೆ ಸರಿಯಲಿಲ್ಲ. ಬೇರೆಯವರ ಮೇಲೆ ಹೊಸ ಮೊಕದ್ದಮೆಗಳು 2020ರ ನಂತರವೂ ನಡೆದದ್ದರ ಹಿಂದೆ ಅವರ ಹಟವಿದೆ. ಪ್ರತಿ ಆಗಸ್ಟ್ 2ರಂದು ಊರ ನಡುವಿನಿಂದ ನಿಲ್ದಾಣದವರೆಗೆ ಮೆರವಣಿಗೆ ಬರುತ್ತದೆ. 10:25ಕ್ಕೆ ರೈಲಿನ ಸೀಟಿ, ಆಮೇಲೆ ಒಂದು ನಿಮಿಷ ಮೌನ. ಕೊಠಡಿಯನ್ನು ನಿಧಾನವಾಗಿ ನೋಡಬೇಕೆನ್ನುವವರು ಆ ದಿನ ಬಿಟ್ಟು ಬೇರೆ ದಿನ ಹೋಗುವುದೇ ಒಳ್ಳೆಯದು.

ಬೊಲೋನ್ಯದಿಂದ ರೋಮಿಗೆ ಎರಡು ಗಂಟೆಯ ಚಿಲ್ಲರೆ. ಇಲ್ಲಿನ ಕಥೆ ಬ್ರಿಗಾತೆ ರೊಸ್ಸೆ (ಕೆಂಪು ದಳಗಳು) ಎಂಬ ಎಡಪಂಥೀಯ ಸಶಸ್ತ್ರ ಗುಂಪಿನದು. ಬಲಪಂಥೀಯರ ಬಾಂಬು ಗುಂಪಿನ ಮೇಲೆ ಬಿದ್ದರೆ, ಇವರು ನ್ಯಾಯಾಧೀಶ, ಪತ್ರಕರ್ತ, ಕಾರ್ಖಾನೆ ಅಧಿಕಾರಿ ಎಂದು ಆರಿಸಿ ಕೊಂದರು. ಆರಿಸಿ ಕೊಂದರೆಂದು ಪಾಪ ಕಡಿಮೆಯಾಗುವುದಿಲ್ಲ. 1978ರ ಮಾರ್ಚ್ 16ರಂದು ವಿಯಾ ಫಾನಿ ಎಂಬ ಬೀದಿಯಲ್ಲಿ ಮಾಜಿ ಪ್ರಧಾನಿ ಆಲ್ಡೊ ಮೋರೊ ಅವರ ಐವರು ಅಂಗರಕ್ಷಕರನ್ನು ಕೊಂದು ಮೋರೊ ಅವರನ್ನು ಅಪಹರಿಸಿದರು. 55 ದಿನದ ನಂತರ, ಮೇ 9ರಂದು, ವಿಯಾ ಕಾಯೆತಾನಿಯಲ್ಲಿ ನಿಂತ ಕೆಂಪು ರೆನೊ 4 ಕಾರಿನ ಹಿಂಭಾಗದಲ್ಲಿ ಅವರ ಶವ ಸಿಕ್ಕಿತು. ಅದು ಕ್ರಿಶ್ಚಿಯನ್ ಡೆಮಾಕ್ರಟ್ ಮತ್ತು ಕಮ್ಯುನಿಸ್ಟ್ ಪಕ್ಷಗಳ ಆಗಿನ ಕಚೇರಿಗಳ ಸರಿಯಾದ ಮಧ್ಯದ ಜಾಗ ಎಂಬ ಮಾತಿದೆ. ನಡೆದು ನೋಡಿದರೆ ಬೊತ್ತೇಗೆ ಒಸ್ಕೂರೆ ಬೀದಿಯಲ್ಲಿದ್ದ ಕಮ್ಯುನಿಸ್ಟ್ ಕಚೇರಿಯೇ ಹತ್ತಿರ. ವಿಯಾ ಕಾಯೆತಾನಿ ಲಾರ್ಗೊ ಅರ್ಜೆಂತೀನಾ ಚೌಕದಿಂದ ಕೆಲವೇ ನಿಮಿಷದ ದಾರಿ. ಬೀದಿ ಇಕ್ಕಟ್ಟು, ಫಲಕ ಗೋಡೆಯಲ್ಲಿದೆ. ವಿಯಾ ಫಾನಿ ಮಾತ್ರ ಊರಿನ ವಾಯವ್ಯದಲ್ಲಿ ದೂರವಿದೆ, ಬಸ್ಸು ಹಿಡಿಯಬೇಕು, ಅರ್ಧ ದಿನ ಅದಕ್ಕೇ ಬೇಕಾಗುತ್ತದೆ.