ಬಾಗಿಲು ಮುಚ್ಚಿದ ಎರಡು ಶ್ರಾವಣ

ಮುಂಬಯಿಯ ಉಪನಗರಗಳಲ್ಲಿ ನಮ್ಮವರ ಭಜನಾ ಮಂಡಳಿ ಇಲ್ಲದ ಬಡಾವಣೆ ಅಪರೂಪ. ಕೆಲವಕ್ಕೆ ಸ್ವಂತ ಮಂದಿರವಿದೆ, ಕೆಲವು ಚಾಳಿನ ಕೋಣೆಯಲ್ಲಿಯೇ ದೇವರ ಪಟವಿಟ್ಟುಕೊಂಡು ತಲೆಮಾರು ಕಳೆದಿವೆ. ಶನಿವಾರ ಸಂಜೆ ಹೋಟೆಲಿನ ಪಾಳಿ ಮುಗಿಸಿದವರು, ಕಚೇರಿಯಿಂದ ನೇರವಾಗಿ ಬಂದವರು, ಮೊಮ್ಮಕ್ಕಳ ಕೈ ಹಿಡಿದ ಅಜ್ಜಿಯಂದಿರು ಕಾಲು ತೊಳೆದು ಸಾಲಾಗಿ ಕುಳಿತುಕೊಳ್ಳುತ್ತಾರೆ. ದಾಸರ ಪದಗಳು, ಮಂಗಳಾರತಿ, ಕೈಯಲ್ಲಿ ಪಂಚಕಜ್ಜಾಯ. ಆಮೇಲೆ ಚಪ್ಪಲಿ ಹುಡುಕುತ್ತಾ ನಿಂತಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅವರು ಈ ವಾರ ಯಾಕೆ ಬರಲಿಲ್ಲ?" ಈ ಪ್ರಶ್ನೆಯೂ ಪೂಜೆಯ ಒಂದು ಅಂಗ ಎಂದು ನಾನು ನಂಬಿದ್ದೇನೆ. ಬಾಗಿಲು ಮುಚ್ಚಿದ ದಿನಗಳಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದೂ ಅದೇ.

2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಲಾಕ್‌ಡೌನ್ ಆಯಿತು. ಅಂದು ಚಾಂದ್ರಮಾನ ಯುಗಾದಿ. ಅದಕ್ಕೆ ಎರಡು ದಿನ ಮೊದಲೇ ಲೋಕಲ್ ರೈಲು ನಿಂತಿತ್ತು. ಪಂಚಾಂಗ ಶ್ರವಣಕ್ಕೆಂದು ಹಾಸಬೇಕಿದ್ದ ಜಮಖಾನ ಸುತ್ತಿದಂತೆಯೇ ಉಳಿಯಿತು. ಮಹಾರಾಷ್ಟ್ರದಲ್ಲಿ ದೇವಸ್ಥಾನಗಳು ಮತ್ತೆ ಭಕ್ತರಿಗೆ ತೆರೆದದ್ದು ನವೆಂಬರ್ 16ರಂದು, ಬಲಿಪಾಡ್ಯಮಿಯ ದಿನ. 2021ರ ಏಪ್ರಿಲ್‌ನಲ್ಲಿ ಪುನಃ ಮುಚ್ಚಿದವು, ಅಕ್ಟೋಬರ್ 7ರಂದು ನವರಾತ್ರಿಯ ಘಟಸ್ಥಾಪನೆಗೆ ತೆರೆದವು. ಹಾಗಾಗಿ ಒಂದು ಹಗಲು, ಒಂದು ರಾತ್ರಿ ನಿಲ್ಲದೆ ಹಾಡುವ ನಮ್ಮ ಏಕಾಹ ಭಜನೆ ನಡೆಯುವ ಶ್ರಾವಣ ಎರಡು ವರ್ಷವೂ ಮುಚ್ಚಿದ ಬಾಗಿಲಿನ ಹೊರಗೇ ಬಂದು ಹೋಯಿತು.

ಒಳಗೆ ನಿತ್ಯಪೂಜೆ ಒಂದು ದಿನವೂ ತಪ್ಪಲಿಲ್ಲ. ನಮ್ಮ ಭಟ್ಟರು ಮಂದಿರದ ಹಿಂದಿನ ಕೋಣೆಯಲ್ಲಿಯೇ ಉಳಿದುಬಿಟ್ಟರು. ತೀರ್ಥಕ್ಕೆ ಕೈ ಒಡ್ಡುವವರಿಲ್ಲ, ನೈವೇದ್ಯದ ಅನ್ನ ಉಣ್ಣುವವರಿಲ್ಲ. ಅವರು ಅನ್ನ ಕಡಿಮೆ ಮಾಡುವ ಬದಲು ಅಳತೆ ಹೆಚ್ಚಿಸಿದರು. ಪಕ್ಕದ ಕಟ್ಟಡಗಳ ಕಾವಲುಗಾರರು ಊರಿಗೂ ಹೋಗಲಾಗದೆ, ಖಾನಾವಳಿಯೂ ತೆರೆಯದೆ ಬಿಸ್ಕತ್ತಿನ ಮೇಲೆ ದಿನ ದೂಡುತ್ತಿದ್ದರು. ಮಧ್ಯಾಹ್ನದ ಗಂಟೆ ಬಾರಿಸಿದರೆ ಅವರಿಗೆ ಊಟ ಸಿದ್ಧವಾಗಿದೆ ಎಂದೇ ಅರ್ಥವಾಯಿತು. ಉತ್ತರ ಪ್ರದೇಶದವರು, ಬಿಹಾರದವರು. ನಮ್ಮ ಸಾರಿನ ರುಚಿ ಮೊದಮೊದಲು ಹಿಡಿಸದಿದ್ದರೂ ತಟ್ಟೆ ಖಾಲಿ ಮಾಡುತ್ತಿದ್ದರು.

ಭಟ್ಟರು ಇನ್ನೊಂದು ಕೆಲಸವನ್ನೂ ತಾವೇ ವಹಿಸಿಕೊಂಡರು. ಯಾರ ಮನೆಯಲ್ಲಿ ಕಾಯಿಲೆ ಬಂದರೂ ಹೆಸರು, ನಕ್ಷತ್ರ, ಗೋತ್ರ ಫೋನಿನಲ್ಲಿ ಕೇಳಿ ಬರೆದುಕೊಳ್ಳುತ್ತಿದ್ದರು. ಬೆಳಗಿನ ಪೂಜೆಯ ಸಂಕಲ್ಪದಲ್ಲಿ ಒಂದೊಂದೇ ಹೆಸರು ಹೇಳುತ್ತಿದ್ದರು. ಪಟ್ಟಿ ಉದ್ದವಾದಂತೆ ನಕ್ಷತ್ರ ಗೊತ್ತಿಲ್ಲದವರ ಹೆಸರುಗಳೂ ಸೇರಿದವು: ಹಾಲಿನವನು, ಆಸ್ಪತ್ರೆಗೆ ಕರೆದೊಯ್ದ ರಿಕ್ಷಾದವನು, ಮಂಡಳಿಯ ಸದಸ್ಯೆಯೊಬ್ಬರ ಜತೆ ವಾರ್ಡಿನಲ್ಲಿ ದುಡಿಯುತ್ತಿದ್ದ ಕೇರಳದ ಕ್ರೈಸ್ತ ದಾದಿ. ಅವರಿಗೆ ಬರೀ ಹೆಸರು. "ಅವನಿಗೆ ವಿಳಾಸ ಗೊತ್ತಿದೆ" ಎಂದು ಭಟ್ಟರು ದೇವರ ಕಡೆ ಕೈ ತೋರಿಸುತ್ತಿದ್ದರು.

ಮಂಡಳಿಯ ಹಾಜರಿ ಪುಸ್ತಕ ಆಗ ಎಷ್ಟು ಉಪಕಾರಕ್ಕೆ ಬಂತೆಂದು ಹೇಳಲೇಬೇಕು. ತಿಂಗಳ ವಂತಿಗೆಗಾಗಿ ಇಟ್ಟುಕೊಂಡಿದ್ದ ಉದ್ದನೆಯ ಪುಸ್ತಕ ಅದು. ಕಾರ್ಯದರ್ಶಿ ಅದನ್ನು ಹಂಚಿ, ಪ್ರತಿಯೊಬ್ಬರಿಗೂ ಕೆಲವು ಮನೆಗಳನ್ನು ಒಪ್ಪಿಸಿದರು. ದಿನಕ್ಕೊಮ್ಮೆ ಫೋನ್ ಮಾಡಲೇಬೇಕು. ಕೇಳಬೇಕಾದದ್ದು ಜ್ವರ, ಅಕ್ಕಿ, ಔಷಧ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರೂ ಇದರಿಂದ ಹೊರಗುಳಿಯಲಿಲ್ಲ. ಅಗತ್ಯ ಸೇವೆಯ ಗುರುತುಚೀಟಿ ಇದ್ದವರಿಗೆ 2020ರ ಜೂನ್ 15ರಿಂದ ಲೋಕಲ್ ರೈಲು ಸಿಕ್ಕಿತು. ಪಾಲಿಕೆಯ, ಆಸ್ಪತ್ರೆಯ ನೌಕರರಾಗಿದ್ದ ನಮ್ಮ ಸದಸ್ಯರ ಚೀಲದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಳು ಘಾಟ್ಕೋಪರ್‌ನಿಂದ ಡೊಂಬಿವಲಿಗೆ ಪ್ರಯಾಣ ಮಾಡಿದವು. ಆಕ್ಸಿಮೀಟರ್ ಒಂದನ್ನು ಒರೆಸಿ ಒರೆಸಿ ಮನೆಯಿಂದ ಮನೆಗೆ ಕಳುಹಿಸಿದೆವು.

ಹೋಟೆಲಿನ ಹುಡುಗರ ಕಷ್ಟ ಬೇರೆಯೇ. ಹೋಟೆಲಿನ ಅಟ್ಟದ ಮೇಲೆಯೇ ಮಲಗುವವರಿಗೆ ಹೋಟೆಲ್ ಮುಚ್ಚಿದರೆ ಕೆಲಸವೂ ಇಲ್ಲ, ಊಟವೂ ಇಲ್ಲ. ಮಂಡಳಿಯಲ್ಲಿದ್ದ ಹೋಟೆಲ್ ಮಾಲೀಕರು ಉಗ್ರಾಣದ ಅಕ್ಕಿ, ಉದ್ದು, ಬೇಳೆಯನ್ನೆಲ್ಲ ಹೊರಗೆ ತೆಗೆದರು. ಅದು ಮುಗಿದ ಮೇಲೆ ಮಾತು ಬೆಳ್ಳಿಯ ಪ್ರಭಾವಳಿಯ ನಿಧಿಯತ್ತ ತಿರುಗಿತು. ವರ್ಷಗಳಿಂದ ಹನಿಹನಿಯಾಗಿ ಕೂಡಿಟ್ಟ ಹಣ ಅದು. ಕೆಲವರು ಮಗಳ ಮದುವೆಯ, ಮಗನ ನೌಕರಿಯ ಹರಕೆಯೆಂದು ಒಪ್ಪಿಸಿದ್ದು. ಹಿರಿಯರೊಬ್ಬರು ಒಪ್ಪಲಿಲ್ಲ. ದೇವರ ಹೆಸರಿನಲ್ಲಿ ಎತ್ತಿದ ದುಡ್ಡನ್ನು ಬೇರೆಯದಕ್ಕೆ ಮುಟ್ಟಿದರೆ ನಾಳೆ ಯಾರು ನಂಬಿ ಕೊಡುತ್ತಾರೆ ಎಂದರು. ಅವರ ಮಾತಿನಲ್ಲಿ ಹುರುಳಿತ್ತು, ಹರಕೆ ಎಂದರೆ ಹರಕೆಯೇ. ಕೊನೆಗೆ ಹಣ ಕೊಟ್ಟ ಒಬ್ಬೊಬ್ಬರಿಗೂ ಫೋನ್ ಮಾಡಿ ಒಪ್ಪಿಗೆ ಕೇಳುವುದೆಂದು ತೀರ್ಮಾನವಾಯಿತು. ಬೇಡವೆಂದವರ ಹಣ ಹಾಗೆಯೇ ಉಳಿಯಬೇಕು. ಬೇಡವೆಂದವರು ಯಾರೂ ಸಿಗಲಿಲ್ಲ. ಆಕ್ಷೇಪ ಎತ್ತಿದ ಹಿರಿಯರೇ ಲೆಕ್ಕ ಬರೆಯಲು ಕುಳಿತರು, ಒಂದು ಕಿಲೋ ಬೆಲ್ಲದ ಚೀಟಿಯನ್ನೂ ಬಿಡದೆ ಅಂಟಿಸಿದರು.

ಆ ವರ್ಷ ಇಡೀ ನಾಡಿನ ಭಕ್ತಿಯೇ ಬೇರೆ ದಾರಿ ಹುಡುಕಿಕೊಂಡಿತ್ತು. ಆಷಾಢ ಏಕಾದಶಿಗೆ ಆಳಂದಿಯಿಂದಲೂ ದೇಹೂವಿನಿಂದಲೂ ಸಂತ ಜ್ಞಾನೇಶ್ವರರ, ತುಕಾರಾಮರ ಪಾದುಕೆಗಳು, ಜೊತೆಗೆ ನಡೆದು ಬರುವ ವಿಠಲಭಕ್ತರಾದ ವಾರಕರಿಗಳ ಸಾಗರವಿಲ್ಲದೆ, ಸರ್ಕಾರಿ ಬಸ್ಸಿನಲ್ಲಿ ಪಂಢರಪುರಕ್ಕೆ ಹೋದವು. ಮುಂಬಯಿಯ ಲಾಲ್‌ಬಾಗ್‌ನಲ್ಲಿ 1934ರಿಂದ ನಡೆದುಬಂದ ಸಾರ್ವಜನಿಕ ಗಣಪನನ್ನು ಕೂರಿಸದೆ, ಆರೋಗ್ಯೋತ್ಸವವೆಂದು ರಕ್ತದಾನ, ಪ್ಲಾಸ್ಮಾ ದಾನ ನಡೆಸಿದರು. ಅಂಥ ದೊಡ್ಡವರೇ ಹಾಗೆ ಮಾಡಿದಾಗ, ಬಾಗಿಲು ಹಾಕಿಕೊಂಡು ಗುಟ್ಟಾಗಿ ಹತ್ತು ಜನ ಭಜನೆ ಮಾಡೋಣವೆಂಬ ನಮ್ಮಲ್ಲಿ ಕೆಲವರ ಮಾತಿಗೆ ಬಲ ಉಳಿಯಲಿಲ್ಲ. ಹಾಡುವುದು ಸುಮ್ಮನೆ ಕುಳಿತುಕೊಂಡಂತೆ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ 2020ರ ಮಾರ್ಚ್ 10ರಂದು ಗಾಯನವೃಂದವೊಂದರ 61 ಮಂದಿ ಎರಡೂವರೆ ಗಂಟೆ ಅಭ್ಯಾಸ ಮಾಡಿದರು. ಅವರ ಪೈಕಿ 53 ಮಂದಿಗೆ ಖಚಿತವಾಗಿಯೋ ಸಂಭಾವ್ಯವಾಗಿಯೋ ಸೋಂಕು ತಗಲಿತು, ಇಬ್ಬರು ತೀರಿಕೊಂಡರು. ನಮ್ಮ ಮಂದಿರದ ಅಗಲ ನಮಗೆ ಗೊತ್ತು, ಅದರ ಒಂದೇ ಕಿಟಕಿಯೂ ಗೊತ್ತು. ನೆರೆಯವರ ಉಸಿರನ್ನು ಕಾಯುವುದಕ್ಕಾಗಿ ಬಾಯಿ ಮುಚ್ಚಿಕೊಂಡರೆ ದೇವರು ಅದನ್ನೂ ಸೇವೆಯೆಂದೇ ಒಪ್ಪಿಕೊಳ್ಳುತ್ತಾನೆ.

ಆದರೂ ಏಕಾಹ ಬಿಡಲು ಮನಸ್ಸು ಒಪ್ಪಲಿಲ್ಲ. ಸೂರ್ಯೋದಯಕ್ಕೆ ದೀಪ ಹಚ್ಚಿದರೆ ಮರುದಿನದ ಸೂರ್ಯೋದಯದವರೆಗೆ ತಾಳ ನಿಲ್ಲಬಾರದು. ಮೊದಲು ಎಲ್ಲರೂ ವಿಡಿಯೋ ಕರೆಯಲ್ಲಿ ಕೂಡಿ ಹಾಡಿ ನೋಡಿದೆವು. ಒಬ್ಬರ ತಾಳ ಇನ್ನೊಬ್ಬರಿಗೆ ಅರೆಕ್ಷಣ ತಡವಾಗಿ ಮುಟ್ಟುತ್ತದೆ, ಅವರು ಅದಕ್ಕೆ ಹೊಂದಿಸಿಕೊಂಡರೆ ಇವರಿಗೆ ಇನ್ನಷ್ಟು ತಡ. ಪಲ್ಲವಿ ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಚೆಲ್ಲಾಪಿಲ್ಲಿ. ಆಮೇಲೆ ಗಂಟೆಗೊಂದು ಮನೆಯೆಂದು ಗೊತ್ತುಮಾಡಿದೆವು. ಆ ಮನೆಯವರು ತಮ್ಮ ದೇವರ ಮುಂದೆ ದೀಪವಿಟ್ಟು ಹಾಡುವುದು, ಮುಗಿಯುವ ಹೊತ್ತಿಗೆ ಮುಂದಿನ ಮನೆಗೆ ಫೋನ್ ಮಾಡಿ ಅಲ್ಲಿ ತಾಳ ಶುರುವಾದದ್ದು ಕಿವಿಗೆ ಬಿದ್ದ ಮೇಲಷ್ಟೇ ನಿಲ್ಲಿಸುವುದು. ನಡುರಾತ್ರಿಯಲ್ಲಿ ನೆರೆಮನೆಗೆ ತೊಂದರೆಯಾಗದಂತೆ ಕೆಲವರು ತಾಳಕ್ಕೆ ಬಟ್ಟೆ ಸುತ್ತಿಕೊಂಡರು. ಊರಿಗೆ ಹೊರಟವರೊಬ್ಬರು ಉಡುಪಿಯ ಕಡೆಯ ಶಾಲೆಯೊಂದರಲ್ಲಿ ಕ್ವಾರಂಟೈನ್‌ನಲ್ಲಿದ್ದರು. ಮುಂಬಯಿಯಿಂದ ಬಂದವರೆಂದರೆ ಜನ ಎದುರು ಬದಿಗೆ ಸರಿಯುತ್ತಿದ್ದ ಕಾಲ ಅದು. ಅವರೂ ಒಂದು ಗಂಟೆ ಕೇಳಿ ಪಡೆದರು. ಮೂರನೆಯ ತರಗತಿಯ ಕೋಣೆಯಲ್ಲಿ ಬೆಂಚು ತಟ್ಟಿ ಹಾಡಿದರು.

ಎರಡನೆಯ ಅಲೆ ನಮ್ಮನ್ನು ಬಹಳ ಕಾಡಿತು. 2021ರ ಏಪ್ರಿಲ್‌ನಲ್ಲಿ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ರಾತ್ರಿಯೆಲ್ಲ ಫೋನ್ ಮಾಡಿದ್ದು ನಾವೊಬ್ಬರೇ ಅಲ್ಲ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ನಮ್ಮ ಹಾರ್ಮೋನಿಯಂನವರು ಹೋದರು. ಮಗ ವಿದೇಶದಲ್ಲಿ, ಹೆಂಡತಿ ಸೋಂಕಿನಿಂದಾಗಿ ಕೋಣೆಯೊಳಗೆ ಒಬ್ಬರೇ. ಮುಖ ನೋಡುವ ಅವಕಾಶವೂ ಅವರಿಗೆ ಸಿಗಲಿಲ್ಲ. ಸಮಾಧಾನ ಹೇಳಲು ಫೋನ್ ಮಾಡಿದವರಿಗೆಲ್ಲ ಅವರು "ಮಾತು ಬೇಡ" ಎಂದರು. ಆಗ ಮಂಡಳಿಯ ಹೆಂಗಸರು ದಿನವೂ ಸಂಜೆ ಏಳಕ್ಕೆ ಸರದಿಯಂತೆ ಫೋನ್ ಮಾಡಿದರು. ಮಾತಿಲ್ಲ, ಬರೀ ಒಂದು ಪದ. ಆ ಕಡೆಯಿಂದ ಉಸಿರಾಟವಷ್ಟೇ ಕೇಳುತ್ತಿತ್ತು. ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಯಾರೋ ಇಟ್ಟುಹೋದ ಗಂಜಿಯ ಡಬ್ಬಿ, ತೊಳೆದು ಮರುದಿನಕ್ಕೆ ಅಲ್ಲೇ ಇರುತ್ತಿತ್ತು. ಒಂದು ಸಂಜೆ ಒಬ್ಬರು ಚರಣ ಮರೆತು ತಡವರಿಸಿದಾಗ, ಆ ಕಡೆಯಿಂದ ಅವರೇ ಮುಂದಿನ ಸಾಲು ಎತ್ತಿಕೊಟ್ಟರಂತೆ. ಹನ್ನೊಂದನೆಯ ದಿನದ ಕ್ರಿಯೆಯನ್ನು ಭಟ್ಟರು ಫೋನಿನಲ್ಲಿಯೇ ಹೇಳಿ ಮಾಡಿಸಿದರು. ದರ್ಭೆ ಸಿಗದಿದ್ದಾಗ ಏನು ಮಾಡಬೇಕೆಂದು ಆ ಮಗ ಕೇಳಿದ. ಭಟ್ಟರು ಅವನು ಅಳುವುದನ್ನು ಮುಗಿಸುವವರೆಗೆ ಕಾದು, ಆಮೇಲೆ ಉತ್ತರ ಕೊಟ್ಟರು.

ದೇವರು ಈ ರೋಗವನ್ನು ಏಕೆ ಕೊಟ್ಟನೆಂಬ ಪ್ರಶ್ನೆ ಆಗ ಅನೇಕರನ್ನು ಕಾಡಿತು. ಕೆಲವರು ಪಾಪದ ಫಲವೆಂದೂ ಹೇಳಿದರು. ನನಗೆ ಆ ಮಾತು ಕೇಳಲೂ ಆಗುವುದಿಲ್ಲ. ಅಟ್ಟದ ಮೇಲೆ ಹಸಿದು ಮಲಗಿದ್ದ ಹದಿನೆಂಟರ ಹುಡುಗ ಯಾವ ಪಾಪ ಮಾಡಿದ್ದ? ನಾನು ಆ ದಿನಗಳಲ್ಲಿ ದೇವರನ್ನು ಕಂಡದ್ದು ಗಂಜಿಯ ಡಬ್ಬಿ ಇಟ್ಟುಹೋದ ಕೈಯಲ್ಲಿ, ಬೆಲ್ಲದ ಚೀಟಿ ಅಂಟಿಸಿದ ಮುದುಕರ ಹಟದಲ್ಲಿ. ಗರ್ಭಗುಡಿಯಲ್ಲಿಯೂ ಇದ್ದ, ಅದರಲ್ಲಿ ನನಗೆ ಸಂಶಯವಿಲ್ಲ. ಇಲ್ಲದಿದ್ದರೆ ಭಟ್ಟರು ಅಷ್ಟು ಕಾಲ ಯಾರ ಜೊತೆ ಮಾತನಾಡುತ್ತಿದ್ದರು?

ಈಗ ಏಕಾಹ ಮಂದಿರದಲ್ಲಿಯೇ ನಡೆಯುತ್ತದೆ. ಫೋನಿನ ಸರದಿಯನ್ನು ಮಾತ್ರ ಕೈಬಿಟ್ಟಿಲ್ಲ. ನಡೆಯಲಾಗದವರ, ಊರಿಗೆ ಮರಳಿದವರ ಮನೆಗಳಿಗೆ ಒಂದೊಂದು ಗಂಟೆ ಮೀಸಲು, ಅವರು ಹಾಡುವಾಗ ನಾವು ಇಲ್ಲಿ ಫೋನನ್ನು ಧ್ವನಿವರ್ಧಕಕ್ಕೆ ಹಿಡಿದು ಸುಮ್ಮನೆ ಕುಳಿತುಕೊಳ್ಳುತ್ತೇವೆ. ಹಾರ್ಮೋನಿಯಂನವರ ಮನೆಯವರು ರಾತ್ರಿ ಹನ್ನೆರಡರ ಪಾಳಿ ಕೇಳಿಕೊಂಡಿದ್ದಾರೆ. ಬರುವ ಶ್ರಾವಣಕ್ಕೆ ಎರಡರಿಂದ ನಾಲ್ಕರವರೆಗಿನ ಪಾಳಿ ಇನ್ನೂ ತುಂಬಿಲ್ಲ. ಆ ಹೊತ್ತಿಗೆ ರೈಲು ಇರುವುದಿಲ್ಲ, ಆದ್ದರಿಂದ ಸಂಜೆಯೇ ಬನ್ನಿ. ಊಟವಿದೆ, ಮಲಗಲು ಜಮಖಾನವಿದೆ. ಹಾಡಲು ಬಾರದವರಿಗೆ ತಾಳ ಹಾಕುವುದನ್ನು ನಾವೇ ಹೇಳಿಕೊಡುತ್ತೇವೆ.